ಡೈ ಬಿಟ್ಟು ನಾಲ್ಕು ತಿಂಗಳು: ಈ ಗೆರೆ ಮರೆಸೋದು ಹೇಗೆ?

ಪ್ರಶ್ನೆ:
ನನಗೀಗ 52. ಹದಿನೈದು ವರ್ಷ ಕಪ್ಪು ಡೈ ಹಾಕಿದೆ. ಮೂರು ವಾರಕ್ಕೊಮ್ಮೆ ಬ್ರಷ್ ಹಿಡಿದು ಕೂತು ಸಾಕಾಯಿತು, ಬಿಟ್ಟೆ. ಈಗ ಬೈತಲೆಯ ಎರಡೂ ಕಡೆ ಮೂರು ಬೆರಳಗಲ ಬಿಳಿ, ಅದರ ಕೆಳಗೆ ಕಾಡಿಗೆ ಕಪ್ಪು. ಅರ್ಧಕ್ಕೆ ಸುಣ್ಣ ಬಳಿದು ಬಿಟ್ಟ ಗೋಡೆ ಥರ! ಮಗಳು "ಹುಷಾರಿಲ್ವಾ ಅಮ್ಮ?" ಅಂತಾಳೆ. ಇನ್ನೆಷ್ಟು ದಿನ ಹೀಗೆ?

ಉತ್ತರ 1:
ಅಕ್ಕ, ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂ.ಮೀ. ಭುಜದವರೆಗೆ ಇದ್ದರೆ ಎರಡು ವರ್ಷವಾದರೂ ಬೇಕು. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಏಳನೇ ತಿಂಗಳಲ್ಲಿ ಗಿಡ್ಡ ಕತ್ತರಿಸಿಬಿಟ್ಟೆ.

ಉತ್ತರ 2:
ನೇರ ಬೈತಲೆ ಬಿಡಿ, ಅಂಕುಡೊಂಕಾಗಿ ತೆಗೆಯಿರಿ. ಗೆರೆ ಅಷ್ಟು ಎದ್ದು ಕಾಣುವುದಿಲ್ಲ. ಆದರೆ ಕಪ್ಪು ತೆಗೆಯೋಕೆ ಅಂತ ಮನೆಯಲ್ಲೇ ಬ್ಲೀಚ್ ಮಾತ್ರ ಮಾಡಬೇಡಿ. ನನ್ನದು ಕಿತ್ತಳೆ ಬಣ್ಣಕ್ಕೆ ತಿರುಗಿ, ತುದಿಯೆಲ್ಲ ಪೊರಕೆ ಕಡ್ಡಿ ಆಗಿತ್ತು.

ಉತ್ತರ 3:
ಬಿಳಿ ಕೂದಲು ಹಳದಿಯಾದರೆ ವಾರಕ್ಕೊಮ್ಮೆ ನೇರಳೆ ಬಣ್ಣದ ಶಾಂಪೂ ಹಾಕಿ, ಆ ಬಣ್ಣ ಹಳದಿಯನ್ನು ಮರೆಸುತ್ತೆ. ಜಾಸ್ತಿ ಹೊತ್ತು ಬಿಟ್ಟರೆ ತಲೆಯೇ ನೇರಳೆ, ಹುಷಾರು.

ಪ್ರಶ್ನೆ ಕೇಳಿದವರು:
ಬಾಚಣಿಗೆಯ ತುದಿಯಿಂದ ಅಂಕುಡೊಂಕು ಬೈತಲೆ ತೆಗೆದೆ. ಅರ್ಧ ಗೆರೆ ಮಾಯ! ಕತ್ತರಿಗೆ ಮಾತ್ರ ಇನ್ನೂ ಧೈರ್ಯ ಬಂದಿಲ್ಲ.