ಅಪ್‌ಡೇಟ್: ಎರಡು ಬಣ್ಣದ ಸ್ವೆಟರಿನ ತೋಳಿನ ಗೊಂದಲ ಬಗೆಹರಿಯಿತು

ತೋಳಿನ ಸೂಚನೆಯಲ್ಲಿದ್ದ ‘ಪ್ರತಿ 6ನೇ ಸುತ್ತಿಗೆ ಗುರುತಿನ ಎರಡೂ ಬದಿ ಒಂದೊಂದು ಕುಣಿಕೆ ಇಳಿಸಿ, ಹೀಗೆ 12 ಬಾರಿ, ಅದೇ ವೇಳೆಗೆ ಚಿತ್ರವನ್ನೂ ಮುಂದುವರಿಸಿ’ ಎಂಬ ಮಾತಿನ ಅರ್ಥವೇನೆಂದು ಹಿಂದೆ ಕೇಳಿದ್ದೆ. ಇಲ್ಲಿ ಗುರುತು ಎಂದರೆ ಕಂಕುಳಿನ ನೇರವನ್ನು ತೋರಿಸುವ ಗುರುತು, ಇಳಿಸುವುದು ಎಂದರೆ ಕುಣಿಕೆ ಕಡಿಮೆ ಮಾಡುವುದು, ಚಿತ್ರ ಎಂದರೆ ಯಾವ ಕುಣಿಕೆ ಯಾವ ಬಣ್ಣವೆಂದು ಚೌಕಗಳಲ್ಲಿ ತೋರಿಸುವ ವಿನ್ಯಾಸ. ಭುಜದಿಂದ ಕೆಳಗೆ ಹೆಣೆಯುವ ಈ ತೋಳಿನಲ್ಲಿ ಮೊದಲಿಗೆ 72 ಕುಣಿಕೆಗಳಿದ್ದು, 8 ಕುಣಿಕೆಗಳ ವಜ್ರಾಕಾರ ಒಂಬತ್ತು ಬಾರಿ ಸರಿಯಾಗಿ ಕೂರುತ್ತಿತ್ತು. ಮೊದಲ ಇಳಿಕೆಯಾಗಿ 70 ಉಳಿದ ಕೂಡಲೇ ಲೆಕ್ಕ ತಪ್ಪಿ, ವಜ್ರಗಳು ಓರೆಯಾಗಿ ಸರಿಯತೊಡಗಿದ್ದವು.

ಬೀದರಿನಲ್ಲಿ ನಮ್ಮ ಓಣಿಯಲ್ಲೇ ಇರುವ ಚಿಕ್ಕಮ್ಮನವರು ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ, ಪ್ರತಿ ಸುತ್ತಿನಲ್ಲೂ ನಾನು ಚಿತ್ರದ ಮೊದಲ ಚೌಕದಿಂದಲೇ ಆರಂಭಿಸುತ್ತಿದ್ದುದೇ ತಪ್ಪೆಂದು ತೋರಿಸಿಕೊಟ್ಟರು. ಹೊಸ ವಜ್ರವು ಹಿಂದಿನ ಸುತ್ತಿನ ವಜ್ರದ ನೇರಕ್ಕೇ ಬರಬೇಕು. ಕಡಿಮೆಯಾಗುವ ಕುಣಿಕೆಗಳು ಕಂಕುಳಿನ ಕಡೆಯ ಅರೆ ವಜ್ರಗಳಲ್ಲೇ ಕರಗಬೇಕು. ಗುರುತಿನ ಅಕ್ಕಪಕ್ಕದ ಕುಣಿಕೆಗಳನ್ನು ಸದಾ ಕಪ್ಪಿನಲ್ಲೇ ಹೆಣೆದರೆ ಆ ಮುರಿದ ಅಂಚು ಅಚ್ಚುಕಟ್ಟಾಗಿ ಕಾಣುತ್ತದೆ. ಕೊನೆಗೆ 48 ಕುಣಿಕೆಗಳು ಉಳಿದು, ಮಣಿಕಟ್ಟಿನ ಬಳಿ ಆರು ವಜ್ರಗಳಷ್ಟು ಅಗಲವಾಗುತ್ತದೆ.

ಕಪ್ಪಿನ ಮೇಲೆ ಬಿಳಿ ಉಲ್ಲನ್ ಆರಿಸಿದ್ದು ಬಿದರಿ ಪಾತ್ರೆಯ ಬೆಳ್ಳಿ ಕುಸುರಿಯ ಮೇಲಿನ ಪ್ರೀತಿಯಿಂದ. ಅಲ್ಲಿಯಂತೆ ಇಲ್ಲಿಯೂ ಗೆರೆ ತಪ್ಪಿದರೆ ಕಣ್ಣಿಗೆ ಚುಚ್ಚುತ್ತದೆ. ಆದ್ದರಿಂದ 14 ಸುತ್ತುಗಳನ್ನು ಬಿಚ್ಚಿ ಮತ್ತೆ ಹೆಣೆದೆ. ತೋಳಿನ ಸುತ್ತಳತೆ ಚಿಕ್ಕದಾದ್ದರಿಂದ ಆ ಹೊತ್ತಿಗೆ ಹೆಣೆಯದ ಬಣ್ಣದ, ಒಳಗಡೆ ಹಾಯುವ ನೂಲು ಬಿಗಿಯಾಗಿ ಬಟ್ಟೆ ಮುದುರುತ್ತಿತ್ತು. ಬಣ್ಣ ಬದಲಿಸುವಾಗಲೆಲ್ಲ ಕಡ್ಡಿಯ ಮೇಲಿನ ಕುಣಿಕೆಗಳನ್ನು ಬೆರಳಿನಿಂದ ಹರಡಿಕೊಂಡ ಮೇಲೆ ಅದೂ ಸರಿಹೋಯಿತು. ಎಡತೋಳು ಮುಗಿದಿದೆ, ಬಲತೋಳು 30ನೇ ಸುತ್ತಿನಲ್ಲಿದೆ.