ಹೊರಸಂಚಾರದಲ್ಲಿ ಸ್ಕೌಟ್ ಸಮವಸ್ತ್ರವನ್ನು ಇಡೀ ಹೊತ್ತು ತೊಟ್ಟಿರಬೇಕೆ?

ಪ್ರಶ್ನೆ: ಕಲಬುರಗಿಯ ಒಬ್ಬ ಸ್ಕೌಟ್ ಮಾಸ್ಟರ್

ನಮಸ್ಕಾರ. ಡಿಸೆಂಬರ್‌ನಲ್ಲಿ ನಮ್ಮ ಪ್ರೌಢಶಾಲೆಯ 24 ಸ್ಕೌಟ್‌ಗಳನ್ನು ಎರಡು ದಿನಗಳ ಮಟ್ಟಿಗೆ ಚಿಂಚೋಳಿ ಬಳಿಯ ಚಂದ್ರಂಪಳ್ಳಿ ಜಲಾಶಯದ ಕಡೆಗೆ ಕರೆದೊಯ್ಯುವ ಯೋಚನೆಯಿದೆ. ಅರಣ್ಯ ಇಲಾಖೆಯ ಅನುಮತಿಗೆ ಅರ್ಜಿ ಕೊಟ್ಟಾಗಿದೆ. ಉಳಿದಿರುವ ತಕರಾರು ಬಟ್ಟೆಯದು. ಮನೆ ಬಿಟ್ಟಾಗಿನಿಂದ ಮನೆ ಸೇರುವವರೆಗೆ ಮಕ್ಕಳು ಬೂದು ಅಂಗಿ, ಕಡುನೀಲಿ ಪ್ಯಾಂಟು ಅಥವಾ ಚಡ್ಡಿ, ಸ್ಕಾರ್ಫ್, ಟೋಪಿ ಯಾವುದನ್ನೂ ಕಳಚಬಾರದೆಂದು ನಮ್ಮ ಹಿರಿಯರೊಬ್ಬರ ಹಟ. ಪಾಲಕರಾದರೋ, ಇರುವುದೇ ಒಂದು ಜೊತೆ, ಅದು ಕಾಡಿನಲ್ಲಿ ಹರಿದುಹೋದರೆ ಜನವರಿ 26ರ ಪಥಸಂಚಲನಕ್ಕೆ ಏನು ಹಾಕಿಸುವುದೆಂದು ಕೇಳುತ್ತಿದ್ದಾರೆ. ಅನುಭವವುಳ್ಳವರು ಇದನ್ನು ಹೇಗೆ ನಿಭಾಯಿಸುತ್ತೀರಿ?

ಉತ್ತರ 1: ಬೀದರ್‌ನ ನಿವೃತ್ತ ಸ್ಕೌಟ್ ಮಾಸ್ಟರ್

ನಾನು ಪಾಲಿಸಿಕೊಂಡು ಬಂದ ರೂಢಿ ಇಷ್ಟೇ: ದಳವು ದಳವಾಗಿ ನಾಲ್ಕು ಜನರ ಎದುರು ನಿಲ್ಲುವಾಗ ಪೂರ್ಣ ಸಮವಸ್ತ್ರ, ಮೈ ಬಗ್ಗಿಸಿ ದುಡಿಯುವಾಗ ಕೆಲಸದ ಬಟ್ಟೆ. ಪ್ರಯಾಣ, ಧ್ವಜಾರೋಹಣ, ಪ್ರಾರ್ಥನೆ, ಅಧಿಕಾರಿಗಳ ಭೇಟಿ ಇವೆಲ್ಲ ಮೊದಲನೆಯ ಗುಂಪಿಗೆ ಸೇರಿದರೆ, ಡೇರೆ ಹಾಕುವುದು, ಸೌದೆ ತರುವುದು, ಅಡುಗೆ, ಹೈಕ್ ಎರಡನೆಯದಕ್ಕೆ ಸೇರುತ್ತವೆ. ಬೀದರ್ ಕೋಟೆಯನ್ನೋ ಅಷ್ಟೂರಿನ ಬಹಮನಿ ಗೋರಿಗಳನ್ನೋ ತೋರಿಸಲು ಕರೆದೊಯ್ದಾಗ ನನ್ನ ಹುಡುಗರು ಟೋಪಿಯ ಸಮೇತ ಇರುತ್ತಿದ್ದರು; ಅದೇ ಹುಡುಗರನ್ನು ನರಸಿಂಹ ಝರಣಿಯ ಎದೆಮಟ್ಟದ ನೀರಿಗೆ ಆ ವೇಷದಲ್ಲಿ ಇಳಿಸುವ ಯೋಚನೆ ಯಾರಿಗೂ ಬರಲಾರದು.

ಶಿಬಿರಾಗ್ನಿಯ ಮಾತನ್ನು ಬೇರೆಯಾಗಿಯೇ ಹೇಳಬೇಕು. ಸಭೆಯ ಕಾರ್ಯಕ್ರಮವೆಂದು ಸಮವಸ್ತ್ರ ಹಾಕಿಸುವವರು ಆ ಅಂಗಿಯ ಬಟ್ಟೆ ಯಾವುದೆಂದು ಮೊದಲು ಮುಟ್ಟಿ ನೋಡಲಿ. ಅಗ್ಗಕ್ಕೆ ಸಿಗುವ ಪಾಲಿಯೆಸ್ಟರ್ ಬೆರಕೆಯ ಬಟ್ಟೆಗೆ ಕಿಡಿ ತಾಗಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ನಮ್ಮ ದಳದ ಹುಡುಗನೊಬ್ಬನ ತೋಳಿನ ಮೇಲೆ ಕಡಲೆಕಾಳಿನಷ್ಟು ಸುಟ್ಟ ಗುರುತು ಹೀಗೆಯೇ ಉಳಿಯಿತು. ಅಂದಿನಿಂದ ಬೆಂಕಿಯ ಹತ್ತಿರ ದಪ್ಪ ಹತ್ತಿಯ ಅಂಗಿ, ಇಲ್ಲವೇ ಮೇಲೊಂದು ಕಂಬಳಿ ಕಡ್ಡಾಯ ಮಾಡಿದೆ.

ಸ್ಕಾರ್ಫ್ ಮಾತ್ರ ಎಲ್ಲೆಡೆ ಕೊರಳಲ್ಲಿರಲಿ. ಕೈ ಮುರಿದರೆ ಅದೇ ಜೋಲಿ, ಗಾಯಕ್ಕೆ ಅದೇ ಪಟ್ಟಿ. ಹಿರಿಯರಿಗೆ ಇನ್ನೊಂದು ಮಾತನ್ನೂ ತಿಳಿಸಿ. 1907ರ ಆಗಸ್ಟ್‌ನಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ನಡೆಸಿದಾಗ ಸ್ಕೌಟ್ ಸಮವಸ್ತ್ರವೆಂಬುದು ಇನ್ನೂ ರೂಪುಗೊಂಡಿರಲಿಲ್ಲ. ಯಾವ ಹುಡುಗ ಯಾವ ಪೆಟ್ರೋಲಿನವನು, ಅಂದರೆ ಯಾವ ಚಿಕ್ಕ ತಂಡದವನು ಎಂಬುದನ್ನು ಭುಜದ ಮೇಲಿನ ಬಣ್ಣದ ಉಣ್ಣೆಯ ಗಂಟೇ ಹೇಳುತ್ತಿತ್ತು.

ಉತ್ತರ 2: ಯಾದಗಿರಿಯ ಗೈಡ್ ಕ್ಯಾಪ್ಟನ್ (ಹುಡುಗಿಯರ ದಳದ ನಾಯಕಿ)

ಬೀದರ್‌ನ ಹಿರಿಯರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ "ಕೆಲಸದ ಬಟ್ಟೆ" ಎಂದು ಬಿಟ್ಟುಬಿಟ್ಟರೆ ಸಾಲದು. ಒಮ್ಮೆ ನಾನೂ ಹಾಗೆಯೇ ಹೇಳಿದ್ದೆ. ಶಹಾಪುರದ ಬುದ್ಧ ಮಲಗಿದ ಬೆಟ್ಟಕ್ಕೆ ಹೋದ ದಿನ ಕೆಲವು ಹುಡುಗಿಯರು ಹೊಸ ಟ್ರ್ಯಾಕ್ ಸೂಟ್ ತೊಟ್ಟು ಬಂದರು, ಇಬ್ಬರು ಮಾತ್ರ ಹರಿದ ತೋಳನ್ನು ದಿನವಿಡೀ ಮುಚ್ಚಿಕೊಂಡು ಹಿಂದೆ ಹಿಂದೆ ನಡೆದರು. ಸಮವಸ್ತ್ರ ಮುಚ್ಚಿಡುವ ಅಂತರವನ್ನು ನಾವೇ ಬಯಲಿಗೆ ತರುತ್ತೇವೆಂಬುದು ನನಗೆ ಅಂದು ಹೊಳೆಯಿತು. ಈಗ ಕೆಲಸದ ವೇಳೆಗೆ ಎಲ್ಲರೂ ಶಾಲೆಯ ಹಳೆಯ ಸಮವಸ್ತ್ರವನ್ನೇ ತರಬೇಕೆಂಬ ನಿಯಮವಿದೆ. ಅದು ಎಲ್ಲರ ಮನೆಯಲ್ಲೂ ಇರುತ್ತದೆ, ಎರೆಮಣ್ಣಿನ ಕಲೆಯಾದರೂ ಯಾರೂ ಬೈಯುವುದಿಲ್ಲ.

ಟೋಪಿಯ ಬಗ್ಗೆ ಒಂದು ಮಾತು. ಕಡುನೀಲಿ ಬೆರೆಟ್ ಟೋಪಿಗೆ ಅಂಚಿಲ್ಲದ್ದರಿಂದ ಅದು ಕಣ್ಣಿಗಾಗಲಿ ಕತ್ತಿಗಾಗಲಿ ನೆರಳು ಕೊಡದು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಂತೂ ಅದನ್ನು ಧ್ವಜದ ಮುಂದೆ ಬಿಟ್ಟರೆ ಬೇರೆಲ್ಲೂ ಹಾಕಿಸಬಾರದು. ತಲೆಗೊಂದು ಬಿಳಿ ಟವೆಲ್ ಸುತ್ತಿಸಿ.

ಉತ್ತರ 3: ಒಬ್ಬ ಪಾಲಕ, ಚಿತ್ತಾಪುರ

ಬಸ್ ನಿಲ್ದಾಣದ ಜಂಗುಳಿಯಲ್ಲಿ ಒಂದೇ ಬಣ್ಣದ ಮಕ್ಕಳನ್ನು ಎಣಿಸುವುದು ಸುಲಭ, ಆದ್ದರಿಂದ ಪ್ರಯಾಣದಲ್ಲಿ ಸಮವಸ್ತ್ರ ಇರಲೇಬೇಕು. ಜಾಗ ತಲುಪಿದ ಮೇಲೆ ಚಡ್ಡಿ ಮಾತ್ರ ಬೇಡ. ಜಾಲಿ ಮುಳ್ಳಿಗೆ ಸಿಕ್ಕ ಮೊಣಕಾಲಿಗೆ ಮನೆಯಲ್ಲಿ ಮುಲಾಮು ಹಚ್ಚುವವರು ನಾವು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಹೋಗುವಾಗ, ಬರುವಾಗ ಮತ್ತು ಎರಡೂ ಬೆಳಗಿನ ಧ್ವಜವಂದನೆಗೆ ಪೂರ್ಣ ಸಮವಸ್ತ್ರ, ಉಳಿದ ಹೊತ್ತು ಶಾಲೆಯ ಹಳೆಯ ಬಟ್ಟೆಯ ಮೇಲೆ ಸ್ಕಾರ್ಫ್ ಎಂದು ಬರೆದು ಪಾಲಕರಿಗೆ ಕಳಿಸುತ್ತಿದ್ದೇನೆ. ನಮ್ಮ ಹಿರಿಯರು ಬ್ರೌನ್‌ಸೀ ಕಥೆ ಕೇಳಿ ಅರ್ಧ ಮೆತ್ತಗಾಗಿದ್ದಾರೆ, ಆದರೆ ಶಿಬಿರಾಗ್ನಿಗೆ ಸಮವಸ್ತ್ರ ಬೇಡವೆಂಬುದನ್ನು ಇನ್ನೂ ಒಪ್ಪಿಲ್ಲ. ನಾಳೆ ಮಕ್ಕಳ ಅಂಗಿಯ ಒಂದು ತುಂಡನ್ನು ಅವರ ಮುಂದೆಯೇ ಬೆಂಕಿಗೆ ಹಿಡಿದು ತೋರಿಸಬೇಕೆಂದಿದ್ದೇನೆ. ಚಡ್ಡಿಯನ್ನು ಪಟ್ಟಿಯಿಂದ ತೆಗೆದಾಯಿತು.