ಅಕ್ಕ ಕೈತುತ್ತು ಬಿಟ್ಟಿದ್ದಾಳೆ: ವೈರಸ್‌ಗೂ ಎಂಎಸ್‌ಗೂ ಏನು ಸಂಬಂಧ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಅಕ್ಕನಿಗೆ 33 ವರ್ಷ. ಹೋದ ವರ್ಷ ಒಂದು ಕಣ್ಣು ಮಂಜಾಯಿತು. ಎಂಆರ್‌ಐ ಮಾಡಿಸಿದ ಮೇಲೆ ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದರು. ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳು, ಬೆನ್ನುಹುರಿಯ ನರಗಳ ಮೇಲೆ ದಾಳಿ ಮಾಡುವ ಕಾಯಿಲೆಯಂತೆ. ಇದಕ್ಕೆ ಎಪ್‌ಸ್ಟೀನ್-ಬಾರ್ ವೈರಸ್ ಕಾರಣ, ಅದು ಎಂಜಲಿನಿಂದ ಹರಡುತ್ತದೆ ಅಂತ ಎಲ್ಲೋ ಓದಿದಳು. ಅಂದಿನಿಂದ ಮಗನಿಗೆ ಕೈತುತ್ತು ಕೊಡುವುದನ್ನೇ ಬಿಟ್ಟಿದ್ದಾಳೆ. ವೈರಸ್ ವಿರುದ್ಧ ಹೋರಾಡಲು ದೇಹದಲ್ಲಿ ಹುಟ್ಟಿದ ಆಂಟಿಬಾಡಿ (ರಕ್ಷಕ ಪ್ರೋಟೀನ್) ನಮ್ಮ ಮೆದುಳಿಗೇ ಯಾಕೆ ತಿರುಗಿಬೀಳುತ್ತದೆ?

ಉತ್ತರ (ನರರೋಗ ತಜ್ಞೆ): ಮೊದಲು ಅಕ್ಕನಿಗೆ ಇಷ್ಟು ಹೇಳಿ: ಎಂಎಸ್ ಅಂಟುರೋಗ ಅಲ್ಲ.

ಆಂಟಿಬಾಡಿ ವೈರಸ್ಸನ್ನು ಇಡಿಯಾಗಿ ನೋಡುವುದಿಲ್ಲ. ಅದರ ಪ್ರೋಟೀನಿನ ಒಂದು ಚೂರನ್ನು ಮಾತ್ರ ಗುರುತು ಹಿಡಿಯುತ್ತದೆ. ಈ ವೈರಸ್ಸಿನಲ್ಲಿ ಇಬಿಎನ್‌ಎ1 ಅನ್ನುವ ಪ್ರೋಟೀನ್ ಇದೆ. ನಮ್ಮ ಮೆದುಳಿನಲ್ಲಿ ನರಗಳಿಗೆ ಆಸರೆಯಾಗಿರುವ ಕೋಶಗಳ ಮೇಲೆ ಗ್ಲಯಲ್‌ಕ್ಯಾಮ್ ಅನ್ನುವ ಪ್ರೋಟೀನ್ ಇದೆ. ಎರಡರಲ್ಲೂ ಒಂದು ಸಣ್ಣ ಭಾಗ ನೋಡಲು ಒಂದೇ ಥರ. ಹಾವು ಅಂದುಕೊಂಡು ಹಗ್ಗಕ್ಕೆ ಹೊಡೆದ ಹಾಗಾಗುತ್ತದೆ. 2022ರಲ್ಲಿ ಸ್ಟ್ಯಾನ್‌ಫೋರ್ಡ್ ಸಂಶೋಧಕರು ಎಂಎಸ್ ರೋಗಿಗಳ ಬೆನ್ನುಹುರಿ ನೀರಿನಲ್ಲೇ ಇಂಥ ಆಂಟಿಬಾಡಿ ಹಿಡಿದು ತೋರಿಸಿದರು. ಗ್ಲಯಲ್‌ಕ್ಯಾಮ್‌ಗೆ ಫಾಸ್ಫೇಟ್ ಅನ್ನುವ ರಾಸಾಯನಿಕ ತುಣುಕು ಅಂಟಿಕೊಂಡಿದ್ದರೆ ಆಂಟಿಬಾಡಿಯ ಹಿಡಿತ ಇನ್ನೂ ಬಿಗಿ. ಆದರೆ ಇಂಥ ಆಂಟಿಬಾಡಿ ಎಲ್ಲ ರೋಗಿಗಳಲ್ಲೂ ಸಿಗುವುದಿಲ್ಲ. ಹಾಗಾಗಿ ಇದೊಂದೇ ಕಾರಣ ಅಂತ ನಾನು ಹೇಳಲಾರೆ.

ವೈರಸ್ಸಿನ ಪಾತ್ರಕ್ಕೆ ಮಾತ್ರ ಗಟ್ಟಿ ಆಧಾರ ಇದೆ. ಅಮೆರಿಕದ 1 ಕೋಟಿಗೂ ಹೆಚ್ಚು ಸೇನಾ ಸಿಬ್ಬಂದಿಯನ್ನು 20 ವರ್ಷ ಗಮನಿಸಿದ ಅಧ್ಯಯನವೂ 2022ರಲ್ಲೇ ಬಂತು. ಈ ವೈರಸ್ ತಗುಲಿದ ಮೇಲೆ ಎಂಎಸ್ ಬರುವ ಅಪಾಯ 32 ಪಟ್ಟು ಏರಿತ್ತು.

ಪ್ರಶ್ನೆ: ಹಾಗಾದ್ರೆ ಮಗನಿಗೆ ಟೆಸ್ಟ್ ಮಾಡಿಸಲಾ ಮೇಡಂ? ಅವನಿಗಿನ್ನೂ 6 ವರ್ಷ.

ಉತ್ತರ: ಬೇಡ, ಸುಮ್ನೆ ದುಡ್ಡು ದಂಡ. ದೊಡ್ಡವರಲ್ಲಿ 100ಕ್ಕೆ 90ಕ್ಕಿಂತ ಜಾಸ್ತಿ ಜನರಿಗೆ ಈ ವೈರಸ್ ಬಂದೇ ಇರುತ್ತದೆ. ಅವರಲ್ಲಿ ಎಂಎಸ್ ಆಗುವುದು ತೀರಾ ಕಡಿಮೆ ಜನರಿಗೆ. ಅದಕ್ಕೆ ವಂಶವಾಹಿಗಳೂ ಸೇರಬೇಕು, ಬೇರೆ ಕಾರಣಗಳೂ ಸೇರಬೇಕು. ಚಿಕ್ಕ ಮಕ್ಕಳಿಗೆ ಈ ವೈರಸ್ ಬಂದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಅವನು ಸ್ಕೂಲಲ್ಲಿ ಗೆಳೆಯರ ಬಾಟಲಿಯಲ್ಲಿ ನೀರು ಕುಡಿಯುತ್ತಾನೆ ಅಲ್ವಾ? ಅಮ್ಮನ ತುತ್ತು ತಪ್ಪಿಸಿದ ಮಾತ್ರಕ್ಕೆ ವೈರಸ್ ತಪ್ಪುವುದಿಲ್ಲ. ಇವತ್ತು ರಾತ್ರಿಯೇ ಅಕ್ಕ ಅವನಿಗೆ ಅನ್ನ ಕಲಸಿ ತಿನ್ನಿಸಲಿ.

ಅಕ್ಕ ತಾವು ತೆಗೆದುಕೊಳ್ಳುವ ಔಷಧಿಯನ್ನು ಮಾತ್ರ ಒಂದು ಹೊತ್ತೂ ತಪ್ಪಿಸಬಾರದು. ಕಣ್ಣು ಮತ್ತೆ ಮಂಜಾದರೆ, ಕೈಕಾಲಿನ ಜೋಮು ಒಂದು ದಿನ ಕಳೆದರೂ ಬಿಡದಿದ್ದರೆ, ಕಾಯದೆ ಅವರ ಡಾಕ್ಟರಿಗೆ ಫೋನ್ ಮಾಡಲಿ.